ಎದುರು ಮನೆಯ ಬಿಸಿ

ಇದು ಶುರುವಾದದ್ದು ಮಾಗಿಯ ಚಳಿಯಲ್ಲಿ, ಬೆಳಗಿನ ಹಾಲು ಒಲೆಗೇರುವ ಹೊತ್ತಿಗೆ. ನನ್ನ ತಂಗಿ ಬಾಳವ್ವ ಹಾಲಿನ ಗಿಂಡಿ ಹಿಡಿದುಕೊಂಡೇ ಕಿಟಕಿಗೆ ಬಂದು, "ಅಕ್ಕಾ, ಬಾ ಇಲ್ಲೆ. ನಮ್ಮ ತಂತಿ ಕತ್ತರಿಸಾಕತ್ತಾನ ನೋಡು" ಅಂದಳು. ನೋಡಿದರೆ ಹೌದು. ಬೀದಿಯ ನಡುವೆ ಏಣಿ ನಿಲ್ಲಿಸಿ, ಪರವೂರಿನ ರಿಪೇರಿಯವನೊಬ್ಬ ನಮ್ಮ ಮನೆಗೂ ಎದುರು ಮನೆಗೂ ನಡುವೆ ಇದ್ದ ತಂತಿಗಳನ್ನು ಇಕ್ಕಳದಿಂದ ಕತ್ತರಿಸುತ್ತಿದ್ದ. ನಮ್ಮಜ್ಜಿಯ ಕಾಲದಿಂದ ಇದ್ದವು ಅವು. ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಜಾರಿದ ಹಾಗೆ ಬಿದ್ದವು.

ನಮ್ಮೂರಿನಲ್ಲಿ ಪ್ರತಿ ಮನೆಯ ಅಡುಗೆಕೋಣೆಯಲ್ಲೂ ಒಂದು ಬಾಯ್ಲರ್ ಇದೆ. ಅದು ಕಾಯಿಸಿದ ನೀರು ಗೋಡೆಯೊಳಗಿನ ಪೈಪುಗಳಲ್ಲಿ ಸುತ್ತಿ ಮನೆಯನ್ನು ಬೆಚ್ಚಗಿಡುತ್ತದೆ. ಅದನ್ನು ಏರಿಸುವ, ಇಳಿಸುವ ಗುಂಡಿ ಮಾತ್ರ ಎದುರು ಮನೆಯ ಪಡಸಾಲೆಯಲ್ಲಿರುತ್ತದೆ. ನಮ್ಮ ಮನೆಯ ಗುಂಡಿ ಅವರಲ್ಲಿ, ಅವರ ಮನೆಯ ಗುಂಡಿ ನಮ್ಮಲ್ಲಿ. ಹಸಿದರೆ ಅಕ್ಕಿ ಕೇಳಬಹುದು, ಜಗಳವಾದರೆ ನ್ಯಾಯ ಕೇಳಬಹುದು, ಬಿಸಿಯನ್ನು ಮಾತ್ರ ಬಾಯಿಬಿಟ್ಟು ಕೇಳುವಂತಿಲ್ಲ. ಯಾರ ಮೈಮೇಲೆ ಎಷ್ಟು ಹೊದಿಕೆ ಇದೆ, ಮುದುಕರು ಎಷ್ಟು ಬೇಗ ಬಿಸಿಲಿಗೆ ಬರುತ್ತಾರೆ ಎಂಬುದನ್ನು ಎದುರಿನವರೇ ಕಿಟಕಿಯಿಂದ ನೋಡಿ ತಿಳಿದುಕೊಳ್ಳಬೇಕು. ಅವರು ಮರೆತರೆ ಒಂದು ದಾರಿ ಉಂಟು. ನೆನಪು ಮಾಡುವುದು ಅನ್ನುತ್ತೇವೆ ಅದಕ್ಕೆ. ಅವರ ಗುಂಡಿಯನ್ನು ನಾವು ಒಂದು ಗೆರೆ ಇಳಿಸುವುದು. ಅವರಿಗೆ ತುಸು ಚಳಿಯಾದಾಗ ನಮ್ಮ ನೆನಪಾಗಿ ನಮ್ಮದನ್ನು ಏರಿಸುತ್ತಾರೆ. ಕೂಡಲೇ ನಾವೂ ಅವರದನ್ನು ಮೊದಲಿದ್ದಲ್ಲಿಗೆ ತರಬೇಕು. ಒಂದೇ ಗೆರೆ, ಅದೂ ಸ್ವಲ್ಪ ಹೊತ್ತು. ಗುಂಡಿ ಮುಟ್ಟುವ ಹಕ್ಕು ಮನೆಯೊಡತಿಗೆ ಮಾತ್ರ. ತಿರುಗಿಸಿದಾಗಲೆಲ್ಲ ಬೀದಿಯ ಮೇಲಿನ ತಂತಿ ನಡುಗುತ್ತಿತ್ತು, ಅದರ ಮೇಲೆ ಕೂತ ಗುಬ್ಬಿಗಳು ಭರ್ರೆಂದು ಹಾರುತ್ತಿದ್ದವು. ಯಾರು ಯಾರಿಗೆ ಏನು ಮಾಡಿದರೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ನಾನು ಶಾವಂತ್ರೆವ್ವ. ಗಂಡ ಹೋದ ಮೇಲೆ ತಂಗಿಯ ಮನೆ ಸೇರಿದವಳು. ಅವಳಿಗೂ ಯಾರೂ ಇಲ್ಲ. ಮನೆ ಅವಳದು, ಹಾಗಾಗಿ ಗುಂಡಿಯೂ ಅವಳದು. ನಾನು ಅದನ್ನು ಮುಟ್ಟಿದವಳಲ್ಲ.

ತಂತಿಗಳು ತುಕ್ಕು ಹಿಡಿದು ಎಲ್ಲೆಂದರಲ್ಲಿ ಹರಿಯುತ್ತಿವೆಯೆಂದು ಊರ ಹಿರಿಯ ಹಂಪಯ್ಯನವರು ಆ ವರ್ಷ ಹೊಸ ಡಬ್ಬಿಗಳನ್ನು ತರಿಸಿದ್ದರು. ಅಂಗೈಯಗಲದ ಬಿಳಿ ಡಬ್ಬಿ. ಮೇಲೊಂದು ಬಾಣ, ಕೆಳಗೊಂದು ಬಾಣ, ನಡುವೆ ಅಂಕಿ ಬೆಳಗುತ್ತದೆ. ತಂತಿ ಬೇಡ, ಗಾಳಿಯಲ್ಲೇ ಬಾಯ್ಲರಿಗೆ ಸುದ್ದಿ ಹೋಗುತ್ತದಂತೆ. ರಿಪೇರಿಯವನ ಹೆಸರು ಸುಧಾಕರ. ನಗುಮುಖದವನು. ಡಬ್ಬಿಯನ್ನು ಗೋಡೆಗೆ ಬಡಿದು, ಅಡುಗೆಕೋಣೆಗೆ ಹೋಗಿ ಬಾಯ್ಲರಿನ ಹೊಟ್ಟೆ ಬಿಚ್ಚಿ ಏನೋ ಕೂರಿಸಿ ಬಂದ. "ಅಮ್ಮಾ, ಬೆಳಗ್ಗೆ ಎಷ್ಟು ಡಿಗ್ರಿ ಇಡಲಿ? ಮಧ್ಯಾಹ್ನ ಎಷ್ಟು, ರಾತ್ರಿ ಮಲಗೋವಾಗ ಎಷ್ಟು? ಒಂದ್ಸಲ ಹೇಳ್ಬಿಟ್ರೆ ಹೊತ್ತೊತ್ತಿಗೆ ಅದೇ ನೋಡ್ಕೊಳ್ಳುತ್ತೆ" ಅಂದ.

ಬಾಳವ್ವ ಕಿಟಕಿಯಾಚೆ ನೋಡಿದಳು. ಎದುರು ಮನೆಯ ಕಸ್ತೂರಿ ತಲೆಗೆ ಬಟ್ಟೆ ಕಟ್ಟಿಕೊಂಡು, ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಬಿಸಿಲಿಗೆ ಕೂತಿದ್ದಳು. "ಬಾಣಂತಿ ಅದಾಳ. ಆದ್ರ ಕೂಸಿಗೆ ಭಾಳ ಬಿಸಿ ರೂಢಿ ಮಾಡಬಾರ್ದು, ಮೈ ಮೆತ್ತಗ ಆಕ್ಕತಿ. ಹದಿನೆಂಟು ಇಡು, ಮೂರೂ ಹೊತ್ತು" ಅಂದಳು ಬಾಳವ್ವ.

ಸುಧಾಕರ ಸುತ್ತ ನೋಡಿದ. "ಈ ಮನೇಲಿ ಬಾಣಂತಿ ಯಾರಮ್ಮ?"

"ಈ ಮನ್ಯಾಗ ಅಲ್ಲೋ ತಮ್ಮಾ. ಎದುರು ಮನ್ಯಾಗ."

"ಅವರ್ದು ಅವರ ಮನೇಲಿ ಕೇಳ್ತೀನಿ ಬಿಡಿ. ನಿಮಗೆ ಎಷ್ಟು ಬೇಕು ಹೇಳಿ."

"ನಮಗೆಷ್ಟು ಬೇಕು ಅಂತ ನಾವ ಹೇಳೂದೇನು? ನಾಚಿಗಿ ಬ್ಯಾಡೇನ?" ಅಂದಳು ಬಾಳವ್ವ. ಮುದುಕಿಯರು ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಅವನು ನಕ್ಕ. ಹದಿನೆಂಟು ಒತ್ತಿ, ಚೀಲ ಹೆಗಲಿಗೇರಿಸಿ ಬೀದಿ ದಾಟಿ ಎದುರು ಮನೆಗೆ ಹೋದ.

ಅಂದು ಸಂಜೆಯಿಂದಲೇ ಮನೆ ತಣ್ಣಗಾಯಿತು. ಮೈ ಕೊರೆಯುವಷ್ಟಲ್ಲ, ಆದರೆ ನಮ್ಮ ವಯಸ್ಸಿನವರ ಮೊಣಕಾಲಿಗೆ ಗೊತ್ತಾಗುವಷ್ಟು. ಹಳೆಯ ಗುಂಡಿ ಇದ್ದಾಗ ಕಸ್ತೂರಿ ನಮ್ಮನ್ನು ಒಮ್ಮೆಯೂ ಚಳಿಯಲ್ಲಿ ಕೂರಿಸಿದವಳಲ್ಲ. ಬಾಳವ್ವ ಶಾಲು ಹೊದ್ದು ಗೋಡೆಗೆ ಅಂಗೈ ಇಟ್ಟು ನೋಡಿದಳು. "ಎಷ್ಟಿಟ್ಟಾಳೋ ಆಕಿ. ಈಗ ತಂತಿ ಇಲ್ಲಲ್ಲ, ಯಾರಿಗೆ ಕಾಣಬೇಕು?" ಅಂದಳು.

ಅವಳ ಮನಸ್ಸಿನಲ್ಲಿ ಮೊದಲೇ ಒಂದು ಮುಳ್ಳಿತ್ತು. ಆ ಕೂಸಿಗೆಂದು ಬಾಳವ್ವ ಹಳೆಯ ಇಳಕಲ್ ಸೀರೆಗಳ ಮೆತ್ತನೆಯ ತುಂಡು ಆರಿಸಿ ಕೌದಿ ಹೊಲಿದುಕೊಟ್ಟಿದ್ದಳು. ಹೆಸರಿಡುವ ದಿನ ಹೋಗಿ ನೋಡಿದರೆ ಕೂಸಿನ ಮೈಮೇಲೆ ಅಂಗಡಿಯ ಹೊದಿಕೆ ಇತ್ತು, ಕೌದಿ ಮಡಚಿದ ಹಾಗೆಯೇ ಪೆಟ್ಟಿಗೆಯ ಮೇಲಿತ್ತು. ಬಾಳವ್ವ ಮನೆಗೆ ಬಂದು, "ನನ್ನ ಹೊಲಿಗಿ ಆಕಿ ಕಣ್ಣಿಗೆ ಬರಲಿಲ್ಲ" ಅಂದದ್ದು ಅಷ್ಟೇ. ಈಗ ಚಳಿ ಶುರುವಾದದ್ದೇ ಆ ಮುಳ್ಳು ಒಳಗೆ ಸರಿಯಿತು.

ನೆನಪು ಮಾಡಲೆಂದು ಅವಳು ಒಂದು ಅಂಕಿ ಇಳಿಸಿದಳು. ಹದಿನೇಳು. ಬೀದಿಯಲ್ಲಿ ಏನೂ ನಡುಗಲಿಲ್ಲ, ಯಾವ ಗುಬ್ಬಿಯೂ ಹಾರಲಿಲ್ಲ. ನಾವಿಬ್ಬರೂ ಕಾದು ಕೂತೆವು. ಮನೆ ಬೆಚ್ಚಗಾಗುವುದಿರಲಿ, ಇನ್ನಷ್ಟು ತಣ್ಣಗಾಯಿತು. "ನೋಡಿದಿ? ನಾ ಒಂದು ಇಳಿಸಿದ್ರ ಆಕಿ ಎರಡು ಇಳಿಸಿದ್ಲು" ಅಂದಳು ಬಾಳವ್ವ. ಅವಳು ಹದಿನೈದು ಮಾಡಿದಳು. ಮರುದಿನ ಬೆಳಿಗ್ಗೆ ಕೊಡದ ನೀರಿಗೆ ಕೈ ಇಟ್ಟರೆ ಬೆರಳು ಜುಮ್ಮೆಂದವು.

"ಬ್ಯಾಡ ಬಾಳವ್ವಾ. ಅಲ್ಲಿ ಹಸಿಗೂಸು ಐತಿ. ನೆನಪು ಅಂದ್ರ ಒಂದ ಗೆರಿ" ಅಂದೆ ನಾನು.

"ಗೆರಿ ಇದ್ದಾಗ ಒಂದ ಗೆರಿ. ಈಗ ಅಂಕಿ ಅದಾವ" ಅಂದಳು ಅವಳು.

ನನಗೆ ಅಂದಿನಿಂದ ಅನ್ನ ಸೇರಲಿಲ್ಲ. ಒಂದು ಹಿಡಿಯಷ್ಟು ಜೀವ ಅದು, ಹುಟ್ಟಿದ ನಡುಕವೇ ಇನ್ನೂ ಮೈಬಿಟ್ಟಿರಲಿಲ್ಲ. ಅದರ ಬೆಚ್ಚಗಿನ ಉಸಿರೆಲ್ಲ ನಮ್ಮ ಪಡಸಾಲೆಯ ಗೋಡೆಯ ಮೇಲೆ, ನನ್ನ ತಂಗಿಯ ಹೆಬ್ಬೆರಳ ಕೆಳಗೆ ಇತ್ತು. ನಾನು ದಿನವಿಡೀ ಕಿಟಕಿಯಲ್ಲಿ ನಿಂತು ಕೂಸಿನ ಅಳು ಕೇಳುತ್ತದೆಯೇ ಎಂದು ಕಿವಿಯಿಡುತ್ತಿದ್ದೆ. ಅಳು ಕೇಳುತ್ತಿತ್ತು. ಆದರೆ ಕಂಡದ್ದು ಬೇರೆಯೇ. ಎದುರು ಮನೆಯ ಕಿಟಕಿ ಹಾರುಹೊಡೆದಿತ್ತು. ಕಸ್ತೂರಿಯ ಗಂಡ ದ್ಯಾಮಣ್ಣ ಬನಿಯನ್ನಿನಲ್ಲಿ ಓಡಾಡುತ್ತಿದ್ದ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

ಬಾಳವ್ವನಿಗೆ ಅದನ್ನು ತೋರಿಸಿದ್ದೇ ನನ್ನ ತಪ್ಪಾಯಿತು. "ಅಣಕಸಾಕತ್ತಾರ! ನಾ ಎಷ್ಟು ಇಳಿಸಿದ್ರೂ ತಮಗೇನೂ ಆಗೂದಿಲ್ಲ ಅಂತ ತೋರಸಾಕ ಕಿಟಕಿ ತಗದು ಕುಂತಾರ. ಒಳಗ ಕದ್ದು ಇದ್ದಿಲ ಒಲಿ ಹಚ್ಚಿರ್ತಾರ, ಬರದು ಇಟ್ಕೋ" ಅಂದಳು. ಹೊಗೆ ಎಲ್ಲೂ ಕಾಣುತ್ತಿಲ್ಲವಲ್ಲ ಎಂದೆ. "ಹೊಗಿ ಕಾಣದಂಗ ಹಚ್ಚೂದು ಆಕೀಗೆ ಗೊತ್ತೈತಿ" ಅಂದಳು. ಆಮೇಲೆ ಹನ್ನೆರಡು ಮಾಡಿದಳು.

ಅವಳು ಹನ್ನೆರಡು ಮಾಡುವಾಗ ನಾನು ಅಡುಗೆಕೋಣೆಯ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಬಾಯ್ಲರ್ ಗುಂಯ್ ಅನ್ನುತ್ತಿತ್ತು. ಬಾಣ ಒತ್ತಿದ ಟಿಕ್ ಟಿಕ್ ಕೇಳಿತು, ಕೂಡಲೇ ನನ್ನ ಬೆನ್ನ ಹಿಂದಿನ ಗುಂಯ್ ನಿಂತಿತು. ಮಾತಿನ ನಡುವೆ ಯಾರೋ ಬಾಯಿ ಮುಚ್ಚಿಸಿದ ಹಾಗೆ. ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ನಾನು ಎದ್ದು ಹೋಗಿ, "ಬಾಳವ್ವಾ, ನೀ ಒತ್ತಿದಾಗ ನಮ್ಮ ಬಾಯ್ಲರ ಉಸಿರು ಹಿಡೀತು. ಈ ಡಬ್ಬಿ ಅವರದಲ್ಲ, ನಮ್ದ ಇರಬೇಕು ನೋಡವ್ವಾ" ಅಂದೆ.

ಅವಳು ನನ್ನ ಕಡೆ ತಿರುಗಿದಳು. "ಆಕಿ ಕೂಡ ಮಾತಾಡೀಯೇನು?"

"ಇಲ್ಲ."

"ಮತ್ತ ಆಕಿ ಪರವಾಗಿ ಯಾಕ ಹೊಸ ಕತಿ ಕಟ್ಟಾಕತ್ತಿ? ನಮ್ಮ ಗುಂಡಿ ನಮ್ಮ ಮನ್ಯಾಗ ಹೆಂಗಿರತೈತಿ? ಲೋಕದಾಗ ಎಲ್ಲೆರ ಕೇಳೀಯೇನು?" ನಾನು ಕೇಳಿರಲಿಲ್ಲ. ಅಂದಿನಿಂದ ಬಾಳವ್ವ ನನ್ನ ಮೇಲೂ ಕಣ್ಣಿಟ್ಟಳು. ನಾನು ಕದ್ದು ಅಂಕಿ ಏರಿಸಿಬಿಟ್ಟೇನೆಂದು ಡಬ್ಬಿಯ ಕೆಳಗೇ ಹಾಸಿಗೆ ಹಾಸಿಕೊಂಡಳು. ನೀರಿಗೆ ಹೋಗುವಾಗಲೂ ಡಬ್ಬಿಗೊಂದು ವಸ್ತ್ರ ಸುತ್ತಿ ಗಂಟು ಹಾಕುತ್ತಿದ್ದಳು, ಬಂದ ಕೂಡಲೇ ಗಂಟು ಸರಿಯಿದೆಯೇ ಎಂದು ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಈಗ ಅವಳು ಸಾರು ಬಡಿಸುವಾಗಲೂ ನನ್ನ ಮುಖ ನೋಡಿ ಬಡಿಸುತ್ತಿದ್ದಳು.

ಬೀದಿಯಲ್ಲೂ ಹಾಗೆಯೇ ಆಗಿತ್ತು. ಬಾವಿಯ ಬಳಿ ಮಾತು ನಿಂತುಹೋಗಿತ್ತು. ಒಂದು ಸಾಲಿನ ಕಿಟಕಿಗಳಲ್ಲಿ ಕೆಲವು ಮಂಜು ಹೆಪ್ಪುಗಟ್ಟಿ ಬೆಳ್ಳಗಾಗಿದ್ದವು, ಕೆಲವು ಹಾರುಹೊಡೆದಿದ್ದವು. ಎಲ್ಲರೂ ತಮ್ಮ ಎದುರಿನವರನ್ನು ನೋಡುತ್ತಿದ್ದರು, ನೋಡುವುದು ಕಂಡರೆ ಮುಖ ತಿರುಗಿಸುತ್ತಿದ್ದರು. ತಂತಿ ಇದ್ದಾಗ ನಾವು ಒಬ್ಬರನ್ನೊಬ್ಬರು ಇಷ್ಟು ನೋಡುತ್ತಿರಲಿಲ್ಲ.

ಡಬ್ಬಿಯಲ್ಲಿ ಹತ್ತು ಇದ್ದ ದಿನ, ಮಧ್ಯಾಹ್ನದ ಊಟ ಮುಗಿದಿತ್ತು. ಬಾಗಿಲು ದಡ್ ಎಂದಿತು. ಬಾಣಂತಿ ಹೊಸ್ತಿಲು ದಾಟಬಾರದ ದಿನಗಳು ಅವು, ಆದರೂ ಕಸ್ತೂರಿ ಬೀದಿ ದಾಟಿ ಬಂದಿದ್ದಳು. ಹಣೆಯಲ್ಲಿ ಬೆವರು, ಕುಪ್ಪಸ ತೊಯ್ದು ಮೈಗಂಟಿತ್ತು. ಕೈಯಲ್ಲಿ ಕೂಸು, ಅದರ ಮೈಮೇಲೆ ತೆಳ್ಳನೆಯ ಒಂದು ಪಂಚೆಯ ತುಂಡು. ಕುತ್ತಿಗೆಯ ಮಡಿಕೆಗಳಲ್ಲಿ ಕೆಂಪು ಬೆವರುಸಾಲೆ ಎದ್ದಿತ್ತು.

"ಚಿಗವ್ವಾ, ಕೇಳಬಾರ್ದು ಅಂತ ಗೊತ್ತೈತಿ. ಕೇಳಾಕ ಬಂದೀನಿ" ಅಂದಳು ಬಾಳವ್ವನಿಗೆ. "ನಮ್ಮ ಕೂಸಿನ್ನ ಯಾಕ ಬೇಯಸಾಕತ್ತೀರಿ? ನಾ ನಿಮಗೇನು ಕಡಿಮಿ ಮಾಡೀನಿ? ನಿಮ್ಮ ಕಿಟಕಿ ಮ್ಯಾಲ ಮಂಜು ಕಂಡಾಗೊಮ್ಮೆ ಏರಿಸೀನಿ. ಏರಿಸಿದಷ್ಟೂ ನೀವು ನಮಗ ಬೆಂಕಿ ಹಚ್ಚತೀರಿ. ಕೌದಿ ಸಿಟ್ಟೇನು? ಅದರ ದಾರ ಕೂಸಿನ ಬೆರಳಿಗೆ ಸಿಗತೈತಿ ಅಂತ ಎತ್ತಿಟ್ಟೀನಿ, ದೊಡ್ಡಾಕಿ ಆದ ಮ್ಯಾಲ ಹೊಚ್ಚಬೇಕಂತ..."

ಅಷ್ಟಕ್ಕೆ ಮಾತು ನಿಂತಿತು. ಅವಳ ಬಾಯಿಂದ ಹಬೆ ಬರುತ್ತಿತ್ತು. ಅದನ್ನು ಅವಳೇ ನೋಡಿದಳು. ಆಮೇಲೆ ನಮ್ಮನ್ನು ನೋಡಿದಳು, ಎರಡೆರಡು ಶಾಲು, ಕಾಲಿಗೆ ಗೋಣಿತಟ್ಟು. ಕೂಸು ಚಳಿಗೆ ಒಮ್ಮೆ ಬಿಕ್ಕಿ ಸುಮ್ಮನಾಯಿತು.

"ಇಷ್ಟು ಥಂಡಿ ಯಾಕೈತಿ ಇಲ್ಲೆ? ನಾ ಇಪ್ಪತ್ತೊಂಬತ್ತು ಇಟ್ಟೀನಿ" ಅಂದಳು ಕಸ್ತೂರಿ ಮೆಲ್ಲಗೆ.

ಬಾಳವ್ವ ಡಬ್ಬಿಗೆ ಬೆನ್ನು ಕೊಟ್ಟು ನಿಂತಿದ್ದಳು, ಆದರೆ ಅವಳು ಗಿಡ್ಡ. ತಲೆಯ ಮೇಲೆ ಅಂಕಿ ಬೆಳಗುತ್ತಿತ್ತು. ಕಸ್ತೂರಿ ಅದನ್ನು ಓದಿದಳು. ಇಪ್ಪತ್ತೊಂಬತ್ತು ಇಟ್ಟವಳ ಮನೆ ಬೇಯುತ್ತಿತ್ತು, ಹತ್ತು ಇಟ್ಟವಳ ಮನೆ ಹೆಪ್ಪುಗಟ್ಟಿತ್ತು. ಬಿಡಿಸಿ ಹೇಳಲು ಯಾರೂ ಬೇಕಾಗಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, "ಹತ್ತು" ಅಂದಳು. ನನ್ನ ಕಡೆಗೆ ತಿರುಗಿ, "ದೊಡ್ಡವ್ವಾ, ಬಾಗಲಾ ಹಾಕ್ಕೊರಿ, ಚಳಿ ಬರತೈತಿ" ಅಂದು ಹೊರಟುಹೋದಳು.

ಸಂಜೆಯೊಳಗೆ ಸುದ್ದಿ ಊರೆಲ್ಲ ತಿರುಗಿತು. ಜನ ಬಟ್ಟೆ ಹಿಡಿದು ಕಿಟಕಿ ಒರೆಸತೊಡಗಿದರು. ಯಾರ ಕಿಟಕಿ ಬೆಳ್ಳಗಿತ್ತೋ ಅವರು ಎದುರಿನವರಿಗೆ ಏನು ಬಯಸಿದ್ದರೆಂದು ಈಗ ಹಾದಿಯಲ್ಲಿ ಹೋಗುವವರೂ ಓದಬಹುದಾಗಿತ್ತು. ಒರೆಸಿದಷ್ಟೂ ಮತ್ತೆ ಮಂಜು ಕೂರುತ್ತಿತ್ತು. ಹಂಪಯ್ಯನವರ ಕಿಟಕಿಯೂ ಬೆಳ್ಳಗಿತ್ತು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಸುಧಾಕರನನ್ನು ಮತ್ತೆ ಕರೆಸಿದರು. ಚಾವಡಿಯಲ್ಲಿ ಜನರ ನಡುವೆ ನಿಂತು ಅವನು ಕಕ್ಕಾಬಿಕ್ಕಿಯಾಗಿದ್ದ. "ಅಲ್ಲ ಸ್ವಾಮಿ, ಯಾರ ಮನೆ ಡಬ್ಬಿ ಅವರ ಮನೆ ಬಾಯ್ಲರಿಗೆ ಜೋಡಿಸಿದೀನಿ. ಅದೇ ತಾನೇ ಸರಿ? ಹಿಂದೆ ತಂತಿ ಎಳೆದೋರಿಗೆ ತಲೆ ಕೆಟ್ಟಿತ್ತು ಅನ್ಕೊಂಡೆ" ಅಂದ.

"ಹಿಂಗ ಇರ್ಲಿ ಬಿಡ್ರಿ" ಅಂದ ದ್ಯಾಮಣ್ಣ, ಕಸ್ತೂರಿಯ ಗಂಡ. "ಅವರವರ ಬಿಸಿ ಅವರವರ ಕೈಯಾಗ ಇರ್ಲಿ. ಏನು ಲುಕ್ಸಾನು?"

ಹಂಪಯ್ಯನವರು ಶಾಲು ಬಿಗಿದುಕೊಂಡರು. "ಲುಕ್ಸಾನು ಐತಿ ದ್ಯಾಮಣ್ಣಾ. ನಮ್ಮ ಬಿಸಿ ನಮ್ಮ ಕೈಯಾಗ ಬಂದ್ರ ಎದುರಿನವರ ಕಿಟಕಿ ಯಾಕ ನೋಡಬೇಕು ನಾವು? ಮುಂದ ಒಂದಿನ ಅಲ್ಲಿ ಯಾರರ ಸತ್ರೂ ನಮಗ ಗೊತ್ತಾಗೂದಿಲ್ಲ."

"ಈಗ ನೋಡಿದ್ದು ಸಾಕಾಗಿಲ್ಲೇನ್ರಿ?" ಅಂದ ದ್ಯಾಮಣ್ಣ. ಯಾರೋ ನಕ್ಕರು, ಬೇಗ ನಿಲ್ಲಿಸಿದರು. ಕೊನೆಗೆ ಹಂಪಯ್ಯನವರ ಮಾತೇ ನಡೆಯಿತು. ಸುಧಾಕರ ಮನೆಮನೆಗೆ ಹೋಗಿ ಡಬ್ಬಿಗಳನ್ನು ಎದುರು ಮನೆಯ ಬಾಯ್ಲರಿಗೆ ಬದಲಿಸಿದ, ಅಥವಾ ಬದಲಿಸಿದೆ ಅಂದ. ತಂತಿ ಇಲ್ಲ, ಗುರುತಿಲ್ಲ, ಬರೀ ಗಾಳಿ. ನಮ್ಮ ಮನೆಯಲ್ಲೂ ಏನೋ ಒತ್ತಿದ, ದೀಪ ಮಿನುಗಿತು. "ಆಯ್ತಮ್ಮ, ಈಗ ಇದು ಅವರದು" ಅಂದ. ಅಂದು ಭಾನುವಾರ. ಕತ್ತಲಾಗುವ ಮೊದಲೇ ಊರು ಬಿಟ್ಟ, ಚಹಾ ಕೂಡ ಕುಡಿಯಲಿಲ್ಲ.

ಬಾಳವ್ವ ಇಪ್ಪತ್ತೆರಡು ಇಟ್ಟಳು. ನಮ್ಮ ಮನೆಯೂ ಬೆಚ್ಚಗಾಯಿತು. ಅದು ಕಸ್ತೂರಿ ಇಟ್ಟ ಬಿಸಿಯೋ ನಾವೇ ಇಟ್ಟುಕೊಂಡದ್ದೋ ತಿಳಿಯುವ ದಾರಿ ಒಂದೇ, ಅಂಕಿ ಇಳಿಸಿ ನೋಡುವುದು. ಅದಕ್ಕೆ ಬಾಳವ್ವನ ಕೈ ಏಳಲಿಲ್ಲ. ಬೀದಿಯಲ್ಲಿ ಯಾರ ಕೈಯೂ ಎದ್ದ ಹಾಗೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಎದುರು ಮನೆಯ ಕಟ್ಟೆಯ ಮೇಲೆ ಗಂಟುಮೂಟೆ ಕಂಡವು. ದ್ಯಾಮಣ್ಣ ತೊಟ್ಟಿಲಿನ ಕಾಲು ಬಿಚ್ಚುತ್ತಿದ್ದ. ಗುರುವಾರ ದಿನ ಚೆನ್ನಾಗಿದೆ, ಕಸ್ತೂರಿಯ ತವರಿಗೆ ಹೋಗುತ್ತೇವೆ, ಮತ್ತೆ ಬರುವುದಿಲ್ಲ ಅಂದ. ಬಾಳವ್ವ ಬರಿಗಾಲಲ್ಲಿ ಬೀದಿ ದಾಟಿ ಓಡಿದಳು. ಹಿಂದೆ ನಾನೂ ಹೋದೆ.

"ಕಸ್ತೂರೀ, ಇಪ್ಪತ್ತೆರಡು ಇಟ್ಟೀನಿ. ದೇವರಾಣಿ" ಅಂದಳು ಬಾಳವ್ವ.

"ಗೊತ್ತೈತಿ ಚಿಗವ್ವಾ. ಬೆಚ್ಚಗ ಐತಿ."

"ಡಬ್ಬಿ ಕಿತ್ತು ಕಿಟಕಿಗೆ ಹಚ್ಚತೀನಿ. ಅಂಕಿ ನಿನ್ನ ಕಡೆ ಮುಖ ಮಾಡಿ. ಯಾವಾಗ ಬೇಕಾದ್ರೂ ನೋಡು."

ಕಸ್ತೂರಿ ಕೂಸಿಗೆ ಹಾಲೂಡುತ್ತಿದ್ದಳು. ತಲೆ ಎತ್ತಲಿಲ್ಲ. "ಅದ ನೋಡಕೋತ ಕೂಡ್ತೀನಿ ಚಿಗವ್ವಾ. ಇದಕ್ಕ ಹಾಲು ಕುಡಸಕೋತ ಅಂಕಿ ನೋಡ್ತೀನಿ, ಮಲಗಸಕೋತ ಅಂಕಿ ನೋಡ್ತೀನಿ. ನಿಮ್ಮ ಮ್ಯಾಲ ಸಿಟ್ಟಿಲ್ಲ. ನಿದ್ದಿ ಬರೂದಿಲ್ಲ, ಅಷ್ಟ." ನನ್ನ ಕಡೆಗೂ ನೋಡದೆ, "ದೊಡ್ಡವ್ವನ ಕೈಯಾಗ ಇದ್ದಿದ್ರ ಮಾತು ಬ್ಯಾರೆ ಇತ್ತು" ಅಂದಳು.

ಬಾಳವ್ವ ಮನೆಗೆ ತಿರುಗಿದಳು. ಹೋಗುವಾಗ ಒಮ್ಮೆ ನನ್ನನ್ನು ನೋಡಿದ ನೋಟದಲ್ಲಿ, ಇದನ್ನು ನೀನೇ ಹೇಳಿಕೊಟ್ಟೆಯಾ ಎಂಬುದಿತ್ತು. ನಾನು ಹೇಳಿಕೊಟ್ಟಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಅವಳು ಎರಡು ಸೀರೆ, ಎಲೆಯಡಿಕೆ ಚೀಲ ಗಂಟು ಕಟ್ಟುತ್ತಿದ್ದಳು.

"ಎಲ್ಲಿಗವ್ವಾ?"

"ಕೆಳಗಿನ ಸೀಮಿಗೆ. ಅಲ್ಲಿ ಬಾಯ್ಲರ್ ಇಲ್ಲಂತ. ತಮ್ಮ ಒಲಿಗೆ ತಾವ ಕಟಗಿ ಹಾಕ್ಕೊಂಡು ಕೂಡ್ತಾರಂತ."

"ಇವತ್ತು ಮಂಗಳವಾರ. ಇವತ್ತು ಯಾರರ ಮನಿ ಬಿಡ್ತಾರೇನು? ಗುರುವಾರ ಹೋಗುವಂತಿ."

"ಗುರುವಾರತನಕ ಕೂತ್ರ ಆಕಿ ಹೋಗಿರ್ತಾಳ" ಅಂದಳು. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಒಡತಿ ನೀನೀಗ. ಎಷ್ಟಿಡಬೇಕು ಅಂತ ನಾ ಹೇಳೂದಿಲ್ಲ."

ನಾನು ಅಳಲಿಲ್ಲ, ತಡೆಯಲೂ ಇಲ್ಲ. ಕೂಸಿಗಾಗಿ ಹೋಗುತ್ತಿದ್ದಾಳೋ, ಕಸ್ತೂರಿ ಕೊಟ್ಟ ಬಿಸಿಯಲ್ಲಿ ಕೂರುವುದು ಆಗದೆ ಹೋಗುತ್ತಿದ್ದಾಳೋ ಎಂದು ಅವಳ ಬೆನ್ನನ್ನು ನೋಡುತ್ತ ನಿಂತೆ. ಬೆನ್ನಿನಲ್ಲಿ ಏನೂ ಬರೆದಿರಲಿಲ್ಲ. ಎದುರು ಬಾಗಿಲಲ್ಲಿ ಕಸ್ತೂರಿ ಬಂದು ನಿಂತಿದ್ದಳು. ಬೀದಿಯ ಕೊನೆಯವರೆಗೂ ನಾವಿಬ್ಬರೂ ಅವಳನ್ನು ನೋಡಿದೆವು, ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಕಸ್ತೂರಿ ಒಳಗೆ ಹೋಗಿ ಗಂಡನಿಗೆ ಏನೋ ಅಂದಳು. ದ್ಯಾಮಣ್ಣ ಕಟ್ಟೆಯ ಮೇಲಿನ ಗಂಟುಗಳನ್ನು ಒಂದೊಂದಾಗಿ ಒಳಗೆ ಎತ್ತಿಟ್ಟ. ಆ ಗುರುವಾರ ನಮ್ಮ ಬೀದಿಯಿಂದ ಯಾರೂ ಹೋಗಲಿಲ್ಲ. ಹೋದವಳು ಬಾಳವ್ವ ಒಬ್ಬಳೇ, ಯಾರೂ ಹೊರಡದ ಮಂಗಳವಾರ.